ಪ್ಯಾಕೆಟ್ ಮೇಲೆ ತಿಂಗಳು ಬರೆದಿದೆಯಾ ನೋಡಿ

ಮೊನ್ನೆ ಶನಿವಾರ ಕೊರಿಯರ್‌ನವರು ಒಂದು ಪುಟ್ಟ ಪೊಟ್ಟಣ ಕೊಟ್ಟು ಹೋದರು. ನೂರು ಗ್ರಾಂ ಡಾರ್ಜಿಲಿಂಗ್ ಚಹಾ. ಕರ್ಸಿಯಾಂಗ್ ಕಡೆಯ ಒಂದೇ ತೋಟದ್ದು, ಜೂನ್ ಮೊದಲ ವಾರದಲ್ಲಿ ಕೊಯ್ದದ್ದು. ಮೇ ತಿಂಗಳಿಂದಲೇ ಕಾಯುತ್ತಿದ್ದೆ. ಹಾಗಾಗಿ ಅಡುಗೆಮನೆ ಕೆಲಸ ಎಲ್ಲ ಮುಗಿಸಿ, ಕೈ ತೊಳೆದು ಒರೆಸಿಕೊಂಡು ಕೂತು, ಪೊಟ್ಟಣ ಕತ್ತರಿಸಿ ಎರಡು ಚಮಚದಷ್ಟು ಎಲೆಯನ್ನು ಬಿಳಿ ಪಿಂಗಾಣಿ ತಟ್ಟೆಗೆ ಸುರಿದುಕೊಂಡೆ.

ಇದನ್ನು ಚಾಪುಡಿ ಅನ್ನಲು ಬಾಯಿ ಬರುವುದಿಲ್ಲ. ಒಂದೊಂದು ಎಲೆಯೂ ದೇವರ ಮುಂದೆ ಹೊಸೆದಿಟ್ಟ ಬತ್ತಿಯ ಹಾಗೆ ತಿರುಚಿಕೊಂಡಿದೆ. ಹೆಚ್ಚಿನವು ಕಡು ಕಂದು, ಕೆಲವು ಇಟ್ಟಿಗೆ ಕೆಂಪು, ನಡುನಡುವೆ ಬಂಗಾರದ ಬಣ್ಣದ ಸಣ್ಣ ತುದಿಗಳು. ಆ ತುದಿ ಅಂದರೆ ಇನ್ನೂ ಬಿಚ್ಚಿಕೊಳ್ಳದ ಕುಡಿ. ಮೂಗಿನ ಹತ್ತಿರ ಹಿಡಿದರೆ ಒಣದ್ರಾಕ್ಷಿ ಡಬ್ಬಿಯ ಮುಚ್ಚಳ ತೆಗೆದ ಹಾಗೆ ಒಂದು ಸಿಹಿ ವಾಸನೆ, ಅದರ ಹಿಂದೆ ಹಳೇ ಮರದ ಪೆಟ್ಟಿಗೆಯ ವಾಸನೆ. ಇನ್ನೂ ನೀರು ಕಂಡಿಲ್ಲ, ಆಗಲೇ ಇಷ್ಟು.

ನಾವು ಮಾವಿನಹಣ್ಣು ಕೊಳ್ಳುವಾಗ ಎಷ್ಟು ವಿಚಾರಿಸುತ್ತೇವೆ ಅಲ್ವಾ? ಬಾದಾಮಿಯಾ, ರಸಪೂರಿಯಾ, ಮಲ್ಲಿಕಾ ಬಂತಾ, ಮಳೆ ಬಿದ್ದ ಮೇಲಿನ ಹಣ್ಣಾ, ಮೊದಲಿನದ್ದಾ. ಮೇ ತಿಂಗಳ ಹಣ್ಣಿಗೂ ಜುಲೈ ಹಣ್ಣಿಗೂ ವ್ಯತ್ಯಾಸ ಇದೆ ಅಂತ ಮಕ್ಕಳಿಗೂ ಗೊತ್ತು. ಆದರೆ ದಿನಕ್ಕೆ ಎರಡು ಸಲ ಕುಡಿಯುವ ಚಹಾ ಯಾವ ತಿಂಗಳಲ್ಲಿ ಕೊಯ್ದದ್ದು ಅಂತ ಯಾರೂ ಕೇಳುವುದಿಲ್ಲ. ನಾನೂ ಮೂವತ್ತೈದು ವರ್ಷದವರೆಗೆ ಕೇಳಿರಲಿಲ್ಲ. ಒಳ್ಳೆಯ ಚಹಾ ಕುಡಿಯಬೇಕು ಅಂತ ಆಸೆ ಇರುವವರಿಗೆ ನಾನು ಹೇಳುವುದು ಇದೊಂದನ್ನೇ: ಮೊದಲು ತಿಂಗಳು ಕೇಳಿ. ಬ್ರ್ಯಾಂಡ್, ಡಬ್ಬಿ, ಬೆಲೆ ಎಲ್ಲ ಆಮೇಲೆ.

ಡಾರ್ಜಿಲಿಂಗ್‌ನಲ್ಲಿ ಚಳಿಗಾಲ ಪೂರ್ತಿ ಗಿಡ ಮಲಗಿರುತ್ತದೆ. ಫೆಬ್ರವರಿ ಕೊನೆಗೆ, ಮಾರ್ಚ್‌ಗೆ ಚಿಗುರು ಒಡೆಯುತ್ತದೆ. ಅದು ಫಸ್ಟ್ ಫ್ಲಶ್, ಮೊದಲ ಚಿಗುರು. ಎಲೆ ಹಸಿರು ಹಸಿರಾಗೇ ಇರುತ್ತದೆ, ಚಹಾ ತಿಳಿ ಹಳದಿ, ಹೂವಿನ ಪರಿಮಳ. ಇದಕ್ಕೆ ಜಗತ್ತಿನಲ್ಲೆಲ್ಲ ಬೇಡಿಕೆ, ಬೆಲೆಯೂ ಜಾಸ್ತಿ. ಮೇ, ಜೂನ್‌ನಲ್ಲಿ ಬರುವುದು ಸೆಕೆಂಡ್ ಫ್ಲಶ್. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ್ದು. ಎಲೆ ಸರಸರ ಬೆಳೆಯುತ್ತದೆ, ರುಚಿ ನೀರು ನೀರು. ಅಕ್ಟೋಬರ್, ನವೆಂಬರ್‌ನಲ್ಲಿ ಶರತ್ಕಾಲದ ಕೊಯ್ಲು, ತಾಮ್ರದ ಬಣ್ಣ, ಮೆತ್ತನೆ ರುಚಿ. ಅದೇ ತೋಟ, ಅದೇ ಗಿಡ, ನಾಲ್ಕು ಬೇರೆ ಬೇರೆ ಚಹಾ.

ನನಗೆ ಎಲ್ಲಕ್ಕಿಂತ ಇಷ್ಟ ಸೆಕೆಂಡ್ ಫ್ಲಶ್. ಅದರಲ್ಲಿ ಮಸ್ಕಟೆಲ್ ಅಂತ ಒಂದು ರುಚಿ ಬರುತ್ತದೆ, ಮಸ್ಕಟ್ ದ್ರಾಕ್ಷಿಯನ್ನು ನೆನಪಿಸುವ ರುಚಿ. ಅದು ಬರುವ ಕಾರಣ ಕೇಳಿದರೆ ನಮ್ಮ ಕಡೆಯ ಹತ್ತಿ ಬೆಳೆಗಾರರು ನಂಬುವುದು ಕಷ್ಟ. ಜಿಗಿಹುಳು! ಹತ್ತಿ ಎಲೆ ಮುದುಡಿಸಿ ರೈತರ ನಿದ್ದೆ ಕೆಡಿಸುವ ಹಸಿರು ಜಿಗಿಹುಳುವಿನ ಬಳಗದ್ದೇ ಒಂದು ಹುಳು, ಜೊತೆಗೆ ಥ್ರಿಪ್ಸ್ ಅನ್ನುವ ಸಣ್ಣ ಕೀಟ, ಇವು ಮೇ ಜೂನ್‌ನ ಸೆಕೆಯಲ್ಲಿ ಚಹಾದ ಎಳೇ ಎಲೆಯ ರಸ ಹೀರುತ್ತವೆ. ಕಚ್ಚಿಸಿಕೊಂಡ ಎಲೆ ಸುಮ್ನೆ ಇರುವುದಿಲ್ಲ, ತನ್ನ ರಕ್ಷಣೆಗೆ ಕೆಲವು ಸುಗಂಧದ ಅಂಶಗಳನ್ನು ತಯಾರಿಸುತ್ತದೆ. ಅದೇ ಎಲೆಯನ್ನು ಸರಿಯಾಗಿ ಬಾಡಿಸಿ, ಹೊಸೆದು, ಒಣಗಿಸಿದರೆ ಆ ಪರಿಮಳ ಬಟ್ಟಲಿಗೆ ಬರುತ್ತದೆ. ಹುಳು ಅತಿಯಾದರೆ ಬೆಳೆಯೇ ಹೋಗುತ್ತದೆ, ಹುಳುವೇ ಬರದಿದ್ದರೆ ಮಸ್ಕಟೆಲ್ ಇಲ್ಲ. ಆ ಹದ ವರ್ಷಕ್ಕೆ ಕೆಲವೇ ವಾರ ಸಿಗುತ್ತದೆ.

2017ರಲ್ಲಿ ಆ ವಾರಗಳೇ ಕೈತಪ್ಪಿ ಹೋದವು. ಪ್ರತ್ಯೇಕ ರಾಜ್ಯ ಕೇಳುವ ಗೂರ್ಖಾಲ್ಯಾಂಡ್ ಚಳವಳಿ ಜೂನ್‌ನಲ್ಲಿ ಶುರುವಾಗಿ ಬೆಟ್ಟದಲ್ಲಿ 104 ದಿನ ಬಂದ್ ಆಯಿತು. ತೋಟಗಳಲ್ಲಿ ಕೊಯ್ಯುವವರಿಲ್ಲದೆ ಗಿಡಗಳು ಆಳೆತ್ತರ ಬೆಳೆದು ನಿಂತವು. ಆ ವರ್ಷದ ಸೆಕೆಂಡ್ ಫ್ಲಶ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ನಾನು ಡಾರ್ಜಿಲಿಂಗ್ ಕುಡಿಯಲು ಶುರು ಮಾಡಿದ್ದು ಅದರ ಮರುವರ್ಷ. ಪ್ರತಿ ಜೂನ್‌ನಲ್ಲೂ ಅಲ್ಲಿ ಏನಾಯಿತು, ಮಳೆ ಹೇಗಿದೆ ಅಂತ ನೋಡುವ ಅಭ್ಯಾಸ ಆಗಿನಿಂದ ಬಂತು.

ಶುರು ಆದದ್ದು ಒಂದು ಮೋಸದಿಂದ. ಸಿಕ್ಕಿಂ ಪ್ರವಾಸ ಮುಗಿಸಿ ವಾಪಸ್ ಬರುವಾಗ ದಾರಿಯ ಒಂದು ಅಂಗಡಿಯಲ್ಲಿ ಚಂದದ ಮರದ ಪೆಟ್ಟಿಗೆಯಲ್ಲಿ ಡಾರ್ಜಿಲಿಂಗ್ ಅಂತ ಬರೆದ ಚಹಾ ಕೊಂಡೆ. ಒಂಬೈನೂರು ರೂಪಾಯಿ. ಮನೆಗೆ ಬಂದು ಮಾಡಿದರೆ ಒಣಹುಲ್ಲಿನ ರುಚಿ. ಹಾಲು ಹಾಕಿದೆ, ಇನ್ನೂ ಕೆಟ್ಟದಾಯಿತು. ಪೆಟ್ಟಿಗೆ ತಿರುಗಿಸಿ ನೋಡಿದರೆ ತೋಟದ ಹೆಸರಿಲ್ಲ, ಕೊಯ್ಲಿನ ತಿಂಗಳಿಲ್ಲ, ವರ್ಷ ಕೂಡ ಇಲ್ಲ. ಬೇಜಾರಾಗಿ ಆಫೀಸಿನ ಬಂಗಾಳಿ ಗೆಳತಿಗೆ ಹೇಳಿದೆ. ಮರುವಾರ ಅವಳು ಊರಿಂದ ತಂದಿದ್ದ ಸೆಕೆಂಡ್ ಫ್ಲಶ್ ಅನ್ನು ಸಣ್ಣ ಕವರಿನಲ್ಲಿ ಹಾಕಿಕೊಟ್ಟಳು. ಇಪ್ಪತ್ತು ಗ್ರಾಂ ಇರಬಹುದು. ಆ ಇಪ್ಪತ್ತು ಗ್ರಾಂ ನನ್ನ ನಾಲಿಗೆಯನ್ನೇ ಬದಲಾಯಿಸಿತು.

ಹೀಗಾಗಿ ಕೊಳ್ಳುವಾಗ ನಾನು ನೋಡುವುದು ಏನೇನು ಅಂತ ಹೇಳುತ್ತೇನೆ. ತೋಟದ ಹೆಸರು ಇರಬೇಕು. ಕಾಸಲ್‌ಟನ್, ಜಂಗ್‌ಪಾನಾ, ಮಾರ್ಗರೆಟ್ಸ್ ಹೋಪ್, ಮಕೈಬಾರಿ, ಹೀಗೆ ಡಾರ್ಜಿಲಿಂಗ್ ಹೆಸರು ಹಾಕಿಕೊಳ್ಳುವ ಹಕ್ಕಿರುವ ತೋಟಗಳು 87. ನಮ್ಮ ದೇಶದಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್, ಮೊಟ್ಟಮೊದಲು ಸಿಕ್ಕಿದ್ದೇ ಡಾರ್ಜಿಲಿಂಗ್ ಚಹಾಕ್ಕೆ, 2004ರಲ್ಲಿ. ನಮ್ಮ ಮೈಸೂರು ರೇಷ್ಮೆ, ನಂಜನಗೂಡು ರಸಬಾಳೆಗೆಲ್ಲ ಸಿಕ್ಕಿದ್ದು ಆಮೇಲೆ. ಟೀ ಬೋರ್ಡಿನ ಡಾರ್ಜಿಲಿಂಗ್ ಗುರುತಿನಲ್ಲಿ ಒಬ್ಬ ಹೆಂಗಸಿನ ಮುಖ, ಕೈಯಲ್ಲಿ ಎರಡೆಲೆ ಒಂದು ಕುಡಿ ಇರುತ್ತದೆ. ಅದಿದೆಯಾ ನೋಡಿ. ಗಡಿಯಾಚೆಯ ನೇಪಾಳದ ಎಲೆಯನ್ನು ತಂದು ಡಾರ್ಜಿಲಿಂಗ್ ಅಂತ ಮಾರುವ ವ್ಯವಹಾರ ಬಹಳ ಇದೆ, ತೋಟದವರ ದೊಡ್ಡ ಗೋಳೇ ಅದು. ಇಲಾಂ ಕಡೆಯ ನೇಪಾಳಿ ಚಹಾ ತುಂಬ ಚೆನ್ನಾಗೇ ಇರುತ್ತದೆ, ಅದನ್ನು ಅದರ ಹೆಸರಿನಲ್ಲೇ ಕೊಂಡು ಕುಡಿದರೆ ಇಬ್ಬರಿಗೂ ನ್ಯಾಯ.

ಪೊಟ್ಟಣದ ಮೇಲೆ ಉದ್ದಕ್ಕೆ ಎಸ್‌ಎಫ್‌ಟಿಜಿಎಫ್‌ಒಪಿ ಅಂತೆಲ್ಲ ಅಕ್ಷರ ಇರುತ್ತವೆ. ಹೆದರಬೇಡಿ. ಅದು ಎಲೆಯ ಗಾತ್ರ ಮತ್ತು ಕುಡಿ ಎಷ್ಟಿದೆ ಅನ್ನುವುದರ ಲೆಕ್ಕ. ಅದರಲ್ಲಿ ಒ ಅಂದರೆ ಆರೆಂಜ್, ಆ ಪದಕ್ಕೂ ಕಿತ್ತಳೆ ಹಣ್ಣಿಗೂ ಸಂಬಂಧವೇ ಇಲ್ಲ. ಅಕ್ಷರ ಜಾಸ್ತಿ ಇದ್ದ ಮಾತ್ರಕ್ಕೆ ರುಚಿ ಜಾಸ್ತಿ ಅಂತಲೂ ಇಲ್ಲ. ನಾನು ಅದಕ್ಕಿಂತ ಹೆಚ್ಚು ನಂಬುವುದು ಡಿಜೆ ನಂಬರನ್ನು. ತೋಟದಲ್ಲಿ ವರ್ಷದ ಮೊದಲು ತಯಾರಾದ ಲಾಟ್, ಅಂದರೆ ಕಂತು, ಡಿಜೆ 1, ಅಲ್ಲಿಂದ ಎಣಿಕೆ. ಆ ನಂಬರ್ ಬರೆದು ಮಾರುವ ಅಂಗಡಿಯವರು ಸಾಮಾನ್ಯವಾಗಿ ಕೊಯ್ದ ತಿಂಗಳನ್ನೂ ಬರೆದಿರುತ್ತಾರೆ.

ಬೆಲೆ ಜಾಸ್ತಿ ಅಂತ ಎಲ್ಲರೂ ಹೇಳುತ್ತಾರೆ. ಈ ನೂರು ಗ್ರಾಂಗೆ ನಾನು ಕೊಟ್ಟದ್ದು 800 ರೂಪಾಯಿ. ಒಂದು ಬಟ್ಟಲಿಗೆ ಎರಡೂವರೆ ಗ್ರಾಂ ಬೇಕು. ಅಂದರೆ ನಲವತ್ತು ಬಟ್ಟಲು, ಒಂದಕ್ಕೆ 20 ರೂಪಾಯಿ. ಅದೇ ಎಲೆಯನ್ನು ಎರಡನೇ ಸಲವೂ ನೆನೆಸಬಹುದು, ಆಗ 10 ರೂಪಾಯಿ. ಬೆಂಗಳೂರಿನ ದರ್ಶಿನಿಯಲ್ಲೂ ಈಗ ಚಹಾ ಅದಕ್ಕಿಂತ ಕಡಿಮೆಗೆ ಸಿಗುವುದು ಕಷ್ಟ. ಎಡೆಬಿಡದೆ ಬೆನ್ನ ಮೇಲೆ ಬುಟ್ಟಿ ಹೊತ್ತು ಕಡಿದಾದ ಇಳಿಜಾರಿನಲ್ಲಿ ನಿಂತು ಎರಡೆಲೆ ಒಂದು ಕುಡಿ ಮಾತ್ರ ಚಿವುಟುವ ಹೆಂಗಸರನ್ನು ನೆನೆದರೆ, ನಾಲ್ಕು ಕಿಲೋಗಿಂತ ಜಾಸ್ತಿ ಹಸಿ ಎಲೆಗೆ ಒಂದು ಕಿಲೋ ಚಹಾ ಅನ್ನುವ ಲೆಕ್ಕ ನೋಡಿದರೆ, ಈ ಬೆಲೆ ನನಗೆ ಹೆಚ್ಚು ಅನಿಸುವುದಿಲ್ಲ. ಆ ದುಡ್ಡಿನಲ್ಲಿ ಇನ್ನಷ್ಟು ಅವರ ಕೈಗೆ ಹೋಗಬೇಕು ಅಂತ ಮಾತ್ರ ಅನಿಸುತ್ತದೆ.

ಈಗ ಮಾಡುವ ವಿಷಯ. ಇಲ್ಲಿ ಎಲ್ಲರೂ ಎಲೆಯ ಬಗ್ಗೆ ಮಾತಾಡುತ್ತಾರೆ, ನೀರಿನ ಬಗ್ಗೆ ಮಾತಾಡುವವರು ಕಡಿಮೆ. ಬಟ್ಟಲಿನಲ್ಲಿ ಇರುವುದು ಹೆಚ್ಚಿನದೆಲ್ಲ ನೀರೇ ತಾನೆ? ನಾವು ಮೊದಲಿದ್ದ ಮನೆಯಲ್ಲಿ ಬೋರ್‌ವೆಲ್ ನೀರು. ಎಷ್ಟೇ ಒಳ್ಳೆ ಚಹಾ ಮಾಡಿದರೂ ಬಣ್ಣ ಮಂಕು, ಮೇಲೆ ತೆಳ್ಳಗೆ ಒಂದು ಪೊರೆ ಕಟ್ಟುತ್ತಿತ್ತು. ಚಮಚದಿಂದ ತಳ್ಳಿದರೆ ಒಡೆದ ಗಾಜಿನ ಹಾಗೆ ಚೂರಾಗಿ ತೇಲುತ್ತಿತ್ತು. ಪಾತ್ರೆ ತೊಳೆದದ್ದು ಸರಿ ಇಲ್ಲವೇನೋ ಅಂತ ಎಷ್ಟು ಸಲ ಉಜ್ಜಿದ್ದೇನೋ! ಆಮೇಲೆ ತಿಳಿಯಿತು, ಅದು ಗಡಸು ನೀರಿನ ಸುಣ್ಣದ ಅಂಶ ಚಹಾದ ಒಗರಿನ ಜೊತೆ ಸೇರಿ ಕಟ್ಟುವ ಪೊರೆ. ಈಗಿನ ಮನೆಗೆ ಕಾವೇರಿ ನೀರು ಬರುತ್ತದೆ. ಅದನ್ನು ಸಾದಾ ಫಿಲ್ಟರಿನಲ್ಲಿ ಸೋಸಿ ಬಳಸುತ್ತೇನೆ, ಚಹಾ ಕನ್ನಡಿಯ ಹಾಗೆ ಹೊಳೆಯುತ್ತದೆ. ಬೋರ್‌ವೆಲ್ ಒಂದೇ ಗತಿ ಇರುವವರು ಆರ್‌ಒ ನೀರಿಗೆ ಸ್ವಲ್ಪ ಮಾಮೂಲಿ ನೀರು ಬೆರೆಸಿ ನೋಡಿ. ಬರೀ ಆರ್‌ಒ ನೀರಿನಲ್ಲಿ ರುಚಿ ಚಪ್ಪೆ ಅನಿಸುತ್ತದೆ, ಕನಿಷ್ಠ ನನ್ನ ನಾಲಿಗೆಗೆ.

ಬಿಸಿಯ ಬಗ್ಗೆ ಒಂದು ಮಾತು. ಇಂಗ್ಲಿಷ್ ಪುಸ್ತಕಗಳಲ್ಲಿ 95 ಡಿಗ್ರಿ, 90 ಡಿಗ್ರಿ ಅಂತ ಬರೆದಿರುತ್ತಾರೆ, ಅದಕ್ಕೆ ಥರ್ಮಾಮೀಟರ್ ಕೊಳ್ಳಬೇಕು ಅಂತ ಹೊರಡಬೇಡಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. ಡಾರ್ಜಿಲಿಂಗ್ ಪೇಟೆ 2000 ಮೀಟರ್ ಮೇಲಿದೆ, ಅಲ್ಲಿ 93ಕ್ಕೇ ಕುದಿಯುತ್ತದೆ. ಅಂದರೆ ಆ ಎಲೆ ಬೆಳೆದ ಊರಿನವರು ಕುದಿಯುವ ನೀರನ್ನು ನೇರ ಸುರಿದರೂ ಎಲೆ ಸುಡುವುದಿಲ್ಲ. ನಾವು ಕುದಿ ಬಂದ ಮೇಲೆ ಒಲೆ ಆರಿಸಿ ಒಂದು ನಿಮಿಷ ಬಿಟ್ಟರೆ ಸಾಕು. ಪುತ್ತೂರು, ಮಂಗಳೂರು, ಕಾರವಾರದವರು ಎರಡು ನಿಮಿಷ ಬಿಡಿ. ಫಸ್ಟ್ ಫ್ಲಶ್ ಆದರೆ ಇನ್ನೂ ಸ್ವಲ್ಪ ಆರಲಿ.

ನಾನು ಮಾಡುವ ಕ್ರಮ ಇಷ್ಟೇ. ಪಿಂಗಾಣಿ ಕೆಟಲ್‌ಗೆ ಸ್ವಲ್ಪ ಬಿಸಿ ನೀರು ಹಾಕಿ, ಅಲುಗಾಡಿಸಿ, ಚೆಲ್ಲುತ್ತೇನೆ. ಒದ್ದೆ ಬಿಸಿ ಕೆಟಲ್‌ಗೆ ಎಲೆ ಹಾಕಿ ಮುಚ್ಚಳ ಮುಚ್ಚಿ ಅರ್ಧ ನಿಮಿಷ ಬಿಟ್ಟು ತೆಗೆದು ಮೂಸುತ್ತೇನೆ. ಇದನ್ನು ತಪ್ಪಿಸಬೇಡಿ, ಆಗ ಬರುವ ಪರಿಮಳ ಆಮೇಲೆ ಕುಡಿಯುವಾಗಲೂ ಅಷ್ಟು ಸಿಗುವುದಿಲ್ಲ. ಆಮೇಲೆ ಬಟ್ಟಲಿಗೆ 180 ಮಿಲಿಲೀಟರಿನ ಲೆಕ್ಕದಲ್ಲಿ ನೀರು. ಮುಚ್ಚಳ ಹಾಕಿ ಸರಿಯಾಗಿ ಮೂರು ನಿಮಿಷ. ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ, ಅಂದಾಜು ಬೇಡ. ಎರಡೂವರೆಗೆ ಒಂದು ರುಚಿ, ನಾಲ್ಕಕ್ಕೆ ಬೇರೆ ರುಚಿ, ಐದು ದಾಟಿದರೆ ಒಗರು ಮೇಲೆ ಬಂದು ಉಳಿದದ್ದೆಲ್ಲ ಮುಚ್ಚಿ ಹೋಗುತ್ತದೆ. ಸಮಯ ಆದ ತಕ್ಷಣ ಕೊನೆ ಹನಿಯವರೆಗೂ ಸೋಸಿಬಿಡಬೇಕು. ಎಲೆಯ ಮೇಲೆ ನೀರು ನಿಂತರೆ ಎರಡನೇ ಸಲ ಕಹಿ. ಜರಡಿಯಲ್ಲಿ ಚಮಚದಿಂದ ಒತ್ತಿ ಹಿಂಡುವುದಂತೂ ಬೇಡವೇ ಬೇಡ.

ಅಳತೆ ಚಮಚದ ಮೇಲೆ ಬಿಡಬೇಡಿ. ಉದ್ದೆಲೆ ಹಗುರ, ಚಮಚ ತುಂಬಿದರೂ ತೂಕ ಕಡಿಮೆ. ಮನೆಯ ಮಾಮೂಲಿ ಕಾಳಿನಂಥ ಪುಡಿ ಭಾರ. ನಾನು ಮೊದಲ ಕೆಲವು ದಿನ ಒಂದು ಚಮಚ ಹಾಕಿ, ನೀರು ನೀರಾಗಿದೆ ಅಂತ ಎಲೆಯನ್ನು ಬೈದಿದ್ದೆ. ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ ಒಳ್ಳೆಯದು.

ಆ ಕಾಳಿನಂಥ ಪುಡಿ ಅಂದರೆ ಸಿಟಿಸಿ. ಎಲೆಯನ್ನು ಹಲ್ಲಿರುವ ರೋಲರ್‌ಗಳ ನಡುವೆ ಜಜ್ಜಿ, ಹರಿದು, ಉಂಡೆ ಮಾಡುವ ವಿಧಾನ. 1930ರ ಆಸುಪಾಸಿನಲ್ಲಿ ಅಸ್ಸಾಮಿನಲ್ಲಿ ಬಂದ ಯಂತ್ರ. ಹಸಿ ಬಾಳೆಕಾಯಿ ಹೆಚ್ಚಿಟ್ಟರೆ ಗಾಳಿ ತಾಗಿ ಕಪ್ಪಾಗುತ್ತದಲ್ಲ, ಚಹಾ ಎಲೆ ಕೆಂಪಾಗುವುದೂ ಅದೇ ರೀತಿ. ಸಿಟಿಸಿಯಲ್ಲಿ ಅದು ಬೇಗ, ಪೂರ್ತಿ ಆಗುತ್ತದೆ. ಕುದಿಸಿದರೆ ಗಟ್ಟಿ ಡಿಕಾಕ್ಷನ್, ಹಾಲು ಸಕ್ಕರೆ ಶುಂಠಿ ಎಲ್ಲವನ್ನೂ ತಡೆದುಕೊಳ್ಳುತ್ತದೆ. ಬೆಳಿಗ್ಗೆ ಆರು ಗಂಟೆಗೆ ನನಗೂ ಅದೇ ಬೇಕು. ಅದನ್ನು ಕೀಳು ಅಂತ ಹೇಳುವವರ ಮಾತು ನಾನು ಒಪ್ಪುವುದಿಲ್ಲ. ಆದರೆ ಡಾರ್ಜಿಲಿಂಗ್ ಎಲೆಯನ್ನು ಹಾಲಿನಲ್ಲಿ ಕುದಿಸಬೇಡಿ ದಯವಿಟ್ಟು. ಜೂನ್‌ನ ಆ ಕೆಲವು ವಾರಗಳ ಪರಿಮಳ ಹಾಲಿನೊಳಗೆ ಮುಳುಗಿ ಹೋಗುತ್ತದೆ.

ಹಾಲು ಬಿಡಲು ಆಗದವರಿಗೆ ಅಸ್ಸಾಮಿನ ಆರ್ಥೊಡಾಕ್ಸ್, ಅಂದರೆ ಜಜ್ಜದೆ ಹೊಸೆದು ಮಾಡಿದ ಎಲೆಯ, ಸೆಕೆಂಡ್ ಫ್ಲಶ್ ಇದೆ. ಬಂಗಾರದ ಕುಡಿ ತುಂಬಿರುತ್ತದೆ, ಹುರಿದ ಧಾನ್ಯದ ಹಾಗೆ ಘಮ, ರಾಗಿ ಮಾಲ್ಟ್ ಕುಡಿದು ಬೆಳೆದ ನಮಗೆ ಆ ವಾಸನೆ ತಕ್ಷಣ ಹಿಡಿಸುತ್ತದೆ. ನಾಲ್ಕು ನಿಮಿಷ ನೆನೆಸಿ, ಮೇಲಿಂದ ಎರಡು ಚಮಚ ಬಿಸಿ ಹಾಲು ಹಾಕಿದರೂ ಎದ್ದು ನಿಲ್ಲುತ್ತದೆ. ನೀಲಗಿರಿಯದ್ದಂತೂ ನಮ್ಮ ಪಕ್ಕದ ಮನೆಯೇ. ಗುಂಡ್ಲುಪೇಟೆ ದಾಟಿದರೆ ಆಯಿತು. ಅಲ್ಲಿ ತಿಂಗಳು ಕೇಳಿದರೆ ಉತ್ತರ ಡಿಸೆಂಬರ್, ಜನವರಿ. ರಾತ್ರಿ ಮಂಜುಗಟ್ಟುವ ಚಳಿಯಲ್ಲಿ ಗಿಡ ನಿಧಾನವಾಗಿ ಬೆಳೆದು ಎಲೆಗೆ ಘಮ ಕೂಡುತ್ತದೆ. ಆರಿಸಿ ಐಸ್ ಹಾಕಿದರೂ ಕದಡುವುದಿಲ್ಲ, ಅದಕ್ಕೇ ಬೇಸಿಗೆಗೆ ನಾನು ಅದನ್ನೇ ಇಟ್ಟುಕೊಳ್ಳುವುದು. ನಮ್ಮ ಚಿಕ್ಕಮಗಳೂರಿನ ಕೆಳಗೂರು ಚಹಾವನ್ನೂ ಬಿಡಬೇಡಿ. ಕಾಫಿ ಸೀಮೆಯ ನಡುವೆ ಚಹಾ ಬೆಳೆದು ಹೆಸರು ಮಾಡಿದ್ದು ಸಣ್ಣ ಮಾತೇನಲ್ಲ.

ತಂದದ್ದನ್ನು ಇಡುವುದು ಮುಖ್ಯ. ಚಹಾ ಎಲೆ ಪಕ್ಕದಲ್ಲಿ ಏನಿದ್ದರೂ ಅದರ ವಾಸನೆ ಹೀರಿಕೊಳ್ಳುತ್ತದೆ. ನಮ್ಮ ಅಡುಗೆಮನೆಯಲ್ಲಿ ಸಾರಿನ ಪುಡಿ, ಇಂಗು ಇಲ್ಲದ ಶೆಲ್ಫ್ ಎಲ್ಲಿದೆ? ನಾನು ಬಟ್ಟೆ ಬೀರುವಿನ ಮೇಲಿನ ಅರೆಯಲ್ಲಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಡುತ್ತೇನೆ. ಫ್ರಿಜ್ ಬೇಡ. ಮಳೆಗಾಲದಲ್ಲಿ ಡಬ್ಬಿ ಪದೇ ಪದೇ ತೆಗೆಯಬೇಡಿ, ವಾರಕ್ಕೆ ಆಗುವಷ್ಟು ಬೇರೆ ತೆಗೆದಿಟ್ಟುಕೊಳ್ಳಿ. ಅರ್ಧ ಕಿಲೋ ಒಟ್ಟಿಗೆ ಕೊಳ್ಳುವುದಕ್ಕಿಂತ ಐವತ್ತು ಐವತ್ತು ಗ್ರಾಂ ಕೊಳ್ಳುವುದು ಮೇಲು.

ಹೋದ ವರ್ಷ ಅಮ್ಮ ಪುತ್ತೂರಿನಿಂದ ಬಂದಿದ್ದಾಗ ಮಧ್ಯಾಹ್ನ ಊಟದ ನಂತರ ಮಲಗಿ ಎದ್ದವಳಿಗೆ ಇದನ್ನು ಮಾಡಿಕೊಟ್ಟೆ. ಬಟ್ಟಲಿನೊಳಗೆ ಇಣುಕಿ ನೋಡಿ, "ಇದು ನಮ್ಮ ಕಣ್ಣ ಚಾಯವೇ ಅಲ್ವಾ ಮಗಾ?" ಅಂದಳು. ಊರಲ್ಲಿ ಹಾಲಿಲ್ಲದ ಚಹಾಕ್ಕೆ ಹಾಗೇ ಹೇಳುವುದು. ಹಸು ಬತ್ತಿದ ದಿನ, ನೆಂಟರು ಜಾಸ್ತಿಯಾಗಿ ಹಾಲು ಸಾಲದ ದಿನ ಮಾಡುತ್ತಿದ್ದದ್ದು ಅದು, ಬಾಯಿಗೆ ಬೆಲ್ಲದ ಚೂರು ಹಾಕಿಕೊಂಡು ಕುಡಿಯುತ್ತಿದ್ದೆವು. ಅಭ್ಯಾಸಬಲದಿಂದ ಅಮ್ಮ ಒಂದು ಚೂರು ಬೆಲ್ಲ ಕೈಯಲ್ಲಿ ಹಿಡಿದುಕೊಂಡೇ ಕೂತಳು. ಒಂದು ಗುಟುಕು ಕುಡಿದಳು. ಇನ್ನೊಂದು. ಸ್ವಲ್ಪ ಹೊತ್ತು ಸುಮ್ಮನಿದ್ದು ಬೆಲ್ಲವನ್ನು ತಟ್ಟೆಗೆ ವಾಪಸ್ ಇಟ್ಟು, "ಇದಕ್ಕೆ ಬೇಡ" ಅಂದಳು. ನಂತರ ಕೆಟಲ್ ಮುಚ್ಚಳ ತೆಗೆಸಿ ಒದ್ದೆ ಎಲೆ ನೋಡಿದಳು. ಬತ್ತಿಯ ಹಾಗಿದ್ದ ಎಲೆಗಳೆಲ್ಲ ಬಿಚ್ಚಿಕೊಂಡು ತಾಮ್ರದ ಬಣ್ಣಕ್ಕೆ ಬಂದಿದ್ದವು. ಒಂದನ್ನು ಎತ್ತಿ ಅಂಗೈ ಮೇಲೆ ಬೆರಳಿನಿಂದ ಹರಡಿದಳು. ಎರಡೆಲೆ, ನಡುವೆ ಒಂದು ಕುಡಿ, ಗಿಡದಲ್ಲಿದ್ದ ಹಾಗೇ.

ಜೊತೆಗೆ ತಿನ್ನಲು ಏನು ಅಂತ ಕೇಳುತ್ತಾರೆ. ಖಾರದ ಯಾವುದೂ ಸರಿಹೋಗುವುದಿಲ್ಲ, ಕೋಡುಬಳೆ, ನಿಪ್ಪಟ್ಟು ಎಲ್ಲ ಬೆಳಗಿನ ಹಾಲಿನ ಚಹಾಕ್ಕೆ ಇರಲಿ. ನಾನು ಏನೂ ತಿನ್ನದೆ ಕುಡಿಯುತ್ತೇನೆ. ತುಂಬಾ ಬಿಸಿ ಇರುವಾಗ ರುಚಿ ಅಷ್ಟು ತಿಳಿಯುವುದಿಲ್ಲ. ಸ್ವಲ್ಪ ಆರಿ, ಬಟ್ಟಲನ್ನು ಎರಡೂ ಕೈಯಲ್ಲಿ ಆರಾಮವಾಗಿ ಹಿಡಿಯುವಷ್ಟಾದಾಗ ಆ ದ್ರಾಕ್ಷಿ ರುಚಿ ಮುಂದೆ ಬರುತ್ತದೆ. ನುಂಗಿದ ಮೇಲೆ ಬಾಯಲ್ಲಿ ಉಳಿಯುವುದು ಅದೇ. ಎರಡನೇ ಸಲ ಅದೇ ಎಲೆಗೆ ನೀರು ಹಾಕಿ ಐದು ನಿಮಿಷ ಬಿಡುತ್ತೇನೆ. ಅದು ತಿಳಿಯಾಗಿರುತ್ತದೆ, ಸಿಹಿ ಸ್ವಲ್ಪ ಜಾಸ್ತಿ. ಆಮೇಲೆ ಆ ಎಲೆ ಬಾಲ್ಕನಿಯ ಕುಂಡದ ಗುಲಾಬಿ ಬುಡಕ್ಕೆ.

ಶನಿವಾರ ಬಂದ ಪೊಟ್ಟಣದಲ್ಲಿ ಈಗ ಎಂಬತ್ತು ಗ್ರಾಂ ಉಳಿದಿದೆ. ದಸರೆವರೆಗೆ ಬರಬೇಕು. ಶರತ್ಕಾಲದ್ದು ಬಂದ ಮೇಲೆ ನೂರು ಗ್ರಾಂ ತರಿಸಿ ಅರ್ಧ ಪುತ್ತೂರಿಗೆ ಕಳಿಸುತ್ತೇನೆ. ಅಮ್ಮ ಮೆಂತ್ಯ ಹಾಕಿಡುತ್ತಿದ್ದ ಸಣ್ಣ ಸ್ಟೀಲ್ ಡಬ್ಬಿಯನ್ನು ಎರಡು ಸಲ ತೊಳೆದು ಬಿಸಿಲಿಗೆ ಇಟ್ಟಿದ್ದಾಳಂತೆ, ಇನ್ನೂ ಮೆಂತ್ಯದ ವಾಸನೆ ಹೋಗಿಲ್ಲವಂತೆ. ಬೇರೆ ಡಬ್ಬಿ ತೆಗೆದುಕೊಳ್ಳಮ್ಮ ಅಂತ ಹೇಳಿದ್ದೇನೆ.